ಮಂಡಿ ನೋವಿಗೆ ಅಕ್ಯುಪಂಕ್ಚರ್: ಹಿರಿಯರು ಮತ್ತು ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದವರೆಗೆ, ಅರವತ್ತು ದಾಟಿದವರಿರುವ ಮನೆಗಳಲ್ಲಿ ಮಂಡಿ ನೋವಿನ ಮಾತು ಬಾರದ ದಿನ ಕಮ್ಮಿ. ನಾನು ಕುಮಟಾ ಕಡೆ ಪ್ರಕೃತಿ ಚಿಕಿತ್ಸೆಯ ವೈದ್ಯೆ. ಸೂಜಿ ಚಿಕಿತ್ಸೆ, ಅಂದರೆ ಅಕ್ಯುಪಂಕ್ಚರ್, ನನ್ನ ದಿನದ ಕೆಲಸದ ಒಂದು ಭಾಗ. ಅಜ್ಜ ಅಜ್ಜಿಯರು, ಅವರನ್ನು ಕರೆದುಕೊಂಡು ಬರುವ ಮಕ್ಕಳು ಸೊಸೆಯಂದಿರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ಸೂಜಿ ಹಾಕಿಸಿದರೆ ಸವೆದ ಮಂಡಿ ಮೊದಲಿನ ಹಾಗೆ ಆಗುತ್ತಾ?

ಇಲ್ಲ. ಸವೆದ ಮೃದ್ವಸ್ಥಿ, ಅಂದರೆ ಮೂಳೆಗಳ ನಡುವಿನ ಮೆತ್ತೆ, ಸೂಜಿಯಿಂದ ಮತ್ತೆ ಬೆಳೆಯುವುದಿಲ್ಲ. ಎಕ್ಸ್‌ರೇಯಲ್ಲಿ ಕಮ್ಮಿಯಾದ ಗ್ಯಾಪ್ ತುಂಬುವುದಿಲ್ಲ. "ಗ್ರೀಸ್ ಖಾಲಿ ಆಗಿದೆ, ಸೂಜಿ ಹಾಕಿ ತುಂಬಿಸ್ತೇವೆ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಾಗಾದರೆ ಸೂಜಿಯಿಂದ ಏನು ಲಾಭ?

ನೋವು ಕಮ್ಮಿ ಆಗಬಹುದು. ಎಲ್ಲರಿಗೂ ಅಲ್ಲ, ಪೂರ್ತಿಯಾಗಿಯೂ ಅಲ್ಲ. ಕೆಲವರಿಗೆ ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ನೋವು ಹಗುರಾಗುತ್ತದೆ. ರಾತ್ರಿ ನಿದ್ದೆ ಬರುತ್ತದೆ, ಮೆಟ್ಟಿಲು ಹತ್ತುವಾಗ ಹಲ್ಲು ಕಚ್ಚಬೇಕಾಗುವುದಿಲ್ಲ.

ಈ ಬಿಡುವನ್ನು ಹೇಗೆ ಬಳಸುತ್ತೀರಿ ಅನ್ನುವುದೇ ಮುಖ್ಯ. ಮಂಡಿ ನೋಯುತ್ತದೆ ಅಂತ ನಡೆಯುವುದು ಬಿಡುತ್ತೇವೆ. ನಡೆಯದಿದ್ದರೆ ತೊಡೆಯ ಸ್ನಾಯು ಸೊರಗುತ್ತದೆ. ತೊಡೆ ಸೊರಗಿದರೆ ಭಾರವೆಲ್ಲ ಮಂಡಿಯ ಮೇಲೆ ಬಿದ್ದು ನೋವು ಇನ್ನೂ ಜಾಸ್ತಿ. ಸೂಜಿಯಿಂದ ನೋವು ಇಳಿದ ವಾರಗಳಲ್ಲಿ ತೊಡೆಗೆ ಬಲ ತಂದುಕೊಂಡರೆ ಈ ಸುತ್ತಿನಿಂದ ಹೊರಗೆ ಬರಬಹುದು. ಸೂಜಿ ಹಾಕಿಸಿಕೊಂಡು ಮನೆಗೆ ಹೋಗಿ ಮಲಗಿದರೆ ದುಡ್ಡು, ಬಸ್ ಚಾರ್ಜು ಎರಡೂ ದಂಡ.

ಇದಕ್ಕೆಲ್ಲ ಪುರಾವೆ ಇದೆಯಾ? ಅಥವಾ ಬರೀ ನಂಬಿಕೆಯಾ?

ಈ ಪ್ರಶ್ನೆ ಕೇಳುವವರು ನನಗೆ ಇಷ್ಟ. ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಮಂಡಿ ಸವೆತದ ಮೇಲೆ ಅಕ್ಯುಪಂಕ್ಚರ್ ಅಧ್ಯಯನಗಳು ಬೇಕಾದಷ್ಟು ಆಗಿವೆ. 2004ರಲ್ಲಿ ಅಮೆರಿಕದಲ್ಲಿ 50 ವರ್ಷ ದಾಟಿದ 570 ಜನರ ಮೇಲೆ ನಡೆದದ್ದು ಹೆಸರುವಾಸಿ. ಒಂದು ಗುಂಪಿಗೆ ನಿಜವಾದ ಸೂಜಿ, ಇನ್ನೊಂದಕ್ಕೆ ಸೂಜಿಯ ನಾಟಕ (ನಿಜವಾದ ಚಿಕಿತ್ಸೆಯ ಹಾಗೆ ತೋರಿಸುವುದಷ್ಟೇ), ಮೂರನೆಯದಕ್ಕೆ ಮಂಡಿ ನೋವಿನ ಬಗ್ಗೆ ತಿಳಿವಳಿಕೆ ಪಾಠ. 26 ವಾರ ಕಳೆದಾಗ ನಿಜವಾದ ಸೂಜಿ ಹಾಕಿಸಿಕೊಂಡವರಿಗೆ ನೋವು ಹೆಚ್ಚು ಇಳಿದಿತ್ತು, ಓಡಾಟವೂ ಸುಧಾರಿಸಿತ್ತು.

ಮರುವರ್ಷ, 2005ರಲ್ಲಿ, ಜರ್ಮನಿಯ ಅಧ್ಯಯನವೊಂದು ಬಂತು. ಎಂಟು ವಾರಕ್ಕೆ ಸೂಜಿಯವರು ಮುಂದಿದ್ದರು. ವರ್ಷ ಕಳೆಯುವ ಹೊತ್ತಿಗೆ ಆ ವ್ಯತ್ಯಾಸ ಉಳಿದಿರಲಿಲ್ಲ. 2006ರಲ್ಲಿ ಅದೇ ದೇಶದಲ್ಲಿ ಸುಮಾರು 1000 ಜನರ ಮೇಲೆ ನಡೆದ ಅಧ್ಯಯನ ಇನ್ನೂ ಕುತೂಹಲದ್ದು. ಸರಿಯಾದ ಜಾಗಕ್ಕೆ ಸೂಜಿ ಹಾಕಿಸಿಕೊಂಡವರಲ್ಲಿ ಶೇ. 53 ಮಂದಿಗೆ ಒಳ್ಳೆಯ ಗುಣ ಕಂಡಿತು. ಬೇರೆ ಜಾಗಕ್ಕೆ ಮೇಲೆ ಮೇಲೆ ಚುಚ್ಚಿಸಿಕೊಂಡವರಲ್ಲೂ ಶೇ. 51. ಮಾಮೂಲಿ ಮಾತ್ರೆ ಮತ್ತು ವೈದ್ಯರ ಭೇಟಿ ಮಾತ್ರ ಇದ್ದವರಲ್ಲಿ ಶೇ. 29. ಅಂದರೆ ಸೂಜಿಯ ಎರಡೂ ಬಗೆ ಮಾಮೂಲಿ ಚಿಕಿತ್ಸೆಗಿಂತ ಮೇಲು, ಆದರೆ ಅವೆರಡರ ನಡುವೆ ಹೇಳುವಂಥ ವ್ಯತ್ಯಾಸ ಇಲ್ಲ. 2014ರ ಆಸ್ಟ್ರೇಲಿಯಾ ಅಧ್ಯಯನದಲ್ಲಂತೂ 282 ಜನರನ್ನು ಸೇರಿಸಿಕೊಂಡು ನೋಡಿದಾಗ, ನಾಟಕದ ಚಿಕಿತ್ಸೆಗಿಂತ ಸೂಜಿಯಾಗಲೀ ಲೇಸರ್ ಆಗಲೀ ಹೆಚ್ಚೇನೂ ಮಾಡಲಿಲ್ಲ.

2018ರಲ್ಲಿ ಬೇರೆ ಬೇರೆ ದೀರ್ಘಕಾಲದ ನೋವುಗಳ 39 ಅಧ್ಯಯನಗಳನ್ನು, 20,000ಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ನಾಟಕದ ಸೂಜಿಗಿಂತ ನಿಜದ ಸೂಜಿ ಸ್ವಲ್ಪ ಮೇಲು, ಸೂಜಿಯನ್ನೇ ಹಾಕಿಸದವರಿಗಿಂತ ಸಾಕಷ್ಟು ಮೇಲು, ಸಿಕ್ಕ ಗುಣದ ಬಹುಪಾಲು ಒಂದು ವರ್ಷದವರೆಗೂ ಉಳಿಯುತ್ತದೆ ಅನ್ನುವುದು ಅದರ ಸಾರ.

ಇದನ್ನೆಲ್ಲ ನೋಡಿಯೇ ತಜ್ಞರಲ್ಲಿ ಎರಡು ಪಕ್ಷ. ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 2019ರಲ್ಲಿ "ಬೇಕಾದರೆ ಮಾಡಿಸಿ ನೋಡಬಹುದು" ಅನ್ನುವ ಮಟ್ಟದ ಶಿಫಾರಸು ಮಾಡಿತು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಮಾಡುವ ನೈಸ್ (NICE) ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಮೂಳೆ ಸವೆತಕ್ಕೆ ಅಕ್ಯುಪಂಕ್ಚರ್ ಕೊಡಬೇಡಿ ಅಂದಿತು. ವ್ಯಾಯಾಮ ಮತ್ತು ತೂಕ ಇಳಿಸುವ ವಿಚಾರದಲ್ಲಿ ಮಾತ್ರ ಇಬ್ಬರದ್ದೂ ಒಂದೇ ಮಾತು.

ನನ್ನ ಅಭಿಪ್ರಾಯ ಇಷ್ಟು: ಸೂಜಿಯೇ ಮುಖ್ಯ ಚಿಕಿತ್ಸೆ ಅಲ್ಲ. ಪೇನ್‌ಕಿಲ್ಲರ್ ತಡೆಯದ ಹೊಟ್ಟೆ, ಕಿಡ್ನಿ, ಬಿಪಿ ಇರುವ ಹಿರಿಯರಿಗೆ ಅಪಾಯ ಕಮ್ಮಿ ಇರುವ ಒಂದು ದಾರಿಯಾಗಿ ಪ್ರಯತ್ನಿಸಿ ನೋಡಲು ಯೋಗ್ಯ. ಸೂಜಿ ಹಾಕುವವಳೇ ಆಗಿ ಇದಕ್ಕಿಂತ ದೊಡ್ಡ ಮಾತು ಹೇಳಲು ನನಗೆ ಮನಸ್ಸು ಒಪ್ಪುವುದಿಲ್ಲ.

ಸೂಜಿ ಚುಚ್ಚಿದರೆ ನೋವು ಹೇಗೆ ಕಮ್ಮಿ ಆಗುತ್ತೆ?

ಚುಚ್ಚಿದಾಗ ಚರ್ಮ ಮತ್ತು ಸ್ನಾಯುವಿನ ನರಗಳು ಎಚ್ಚರಗೊಳ್ಳುತ್ತವೆ. ಆ ಸುದ್ದಿ ಬೆನ್ನುಹುರಿಗೆ, ಮಿದುಳಿಗೆ ಹೋದಾಗ ದೇಹ ತನ್ನದೇ ನೋವು ನಿವಾರಕಗಳನ್ನು ಬಿಡುಗಡೆ ಮಾಡುತ್ತದೆ. ಎಂಡಾರ್ಫಿನ್ ಅಂತ ಕೇಳಿರಬಹುದು, ಅದೂ ಇವುಗಳಲ್ಲಿ ಒಂದು. ಜೊತೆಗೆ ಅರ್ಧ ಗಂಟೆ ಆರಾಮಾಗಿ ಮಲಗುವುದು, ಒಬ್ಬರು ಕೂತು ನಮ್ಮ ನೋವು ಕೇಳುವುದು, ಗುಣ ಆಗುತ್ತದೆ ಎಂಬ ಭರವಸೆ, ಇವೂ ಕೆಲಸ ಮಾಡುತ್ತವೆ. ಹಳೆಯ ಚೀನಾ ಗ್ರಂಥಗಳು ಇದನ್ನು "ಚಿ" ಎಂಬ ಶಕ್ತಿಯ ಹರಿವು ಅಂತ ವಿವರಿಸುತ್ತವೆ. ಅದನ್ನು ನಂಬಿದರೂ ಸರಿ, ಬಿಟ್ಟರೂ ಸರಿ, ಚಿಕಿತ್ಸೆಗೆ ಏನೂ ಅಡ್ಡಿಯಿಲ್ಲ.

ತುಂಬಾ ನೋವಾಗುತ್ತಾ? ಅಲ್ಲಿ ನಿಜಕ್ಕೂ ಏನು ಮಾಡ್ತಾರೆ?

ಇಂಜೆಕ್ಷನ್ ಸೂಜಿಯನ್ನು ಕಲ್ಪಿಸಿಕೊಳ್ಳಬೇಡಿ. ಇದರೊಳಗೆ ತೂತಿಲ್ಲ, ಔಷಧಿಯೂ ಹೋಗುವುದಿಲ್ಲ. ದಪ್ಪ ಸುಮಾರು ಕಾಲು ಮಿಲಿಮೀಟರ್, ಉದ್ದ ಒಂದರಿಂದ ಒಂದೂವರೆ ಇಂಚು.

ಮಂಚದ ಮೇಲೆ ಅಂಗಾತ ಮಲಗಿಸಿ ಮಂಡಿಯ ಕೆಳಗೆ ದಿಂಬು ಇಡುತ್ತೇವೆ, ಮಂಡಿ ಸ್ವಲ್ಪ ಮಡಚಿದಂತೆ ಇರಬೇಕು. ಚರ್ಮವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಅದು ಆರುವವರೆಗೆ ಕಾಯುತ್ತೇವೆ. ಚಿಪ್ಪಿನ ಕೆಳಗೆ ಎರಡೂ ಬದಿಗೆ ಸಣ್ಣ ಗುಳಿ ಇರುತ್ತದಲ್ಲ, ಅಲ್ಲಿ ಒಂದೊಂದು. ಕೆಳಗೆ ನಾಲ್ಕು ಬೆರಳು ಬಿಟ್ಟು, ಮೊಣಕಾಲಿನ ಮುಂದಿನ ಎಲುಬಿನ ಹೊರಬದಿಗೆ ಒಂದು. ಮೀನಖಂಡದ ಒಳಬದಿ ಮೇಲ್ಗಡೆ ಒಂದು, ಹೊರಬದಿ ಒಂದು, ಚಿಪ್ಪಿನ ಮೇಲೆ ತೊಡೆಯಲ್ಲಿ ಒಂದೆರಡು. ತೆಳ್ಳನೆಯ ಪ್ಲಾಸ್ಟಿಕ್ ನಳಿಗೆಯೊಳಗೆ ಸೂಜಿ ಇಟ್ಟು ಬೆರಳಿನಿಂದ ಟಪ್ ಅಂತ ತಟ್ಟಿದರೆ ಚರ್ಮ ದಾಟುತ್ತದೆ. ಇರುವೆ ಕಚ್ಚಿದಷ್ಟು ಗೊತ್ತಾಗುತ್ತದೆ, ಕೆಲವರಿಗೆ ಅದೂ ಇಲ್ಲ. ಆಮೇಲೆ ನಿಧಾನಕ್ಕೆ ಒಳಗೆ ಇಳಿಸಿ ಸ್ವಲ್ಪ ತಿರುಗಿಸಿದಾಗ ಒಳಗೆ ಜೋಮು, ಭಾರ, ಎಳೆದ ಹಾಗೆ ಅನ್ನಿಸುತ್ತದೆ. ಅದು ಬರಬೇಕಾದ್ದೇ. ಆದರೆ ಚುರ್ರೆಂದು ಪಾದದವರೆಗೆ ಕರೆಂಟ್ ಹೊಡೆದ ಹಾಗಾದರೆ ತಕ್ಷಣ ಹೇಳಿ, ಸೂಜಿ ಹಿಂದೆ ತೆಗೆಯಬೇಕು.

20ರಿಂದ 30 ನಿಮಿಷ ಹಾಗೇ ಮಲಗಿರಬೇಕು. ಕಾಲು ಅಲ್ಲಾಡಿಸಬಾರದು. ಮುಗಿದ ಮೇಲೆ ಹಾಕಿದ ಸೂಜಿ ಎಷ್ಟು, ತೆಗೆದದ್ದು ಎಷ್ಟು ಎಂದು ಎಣಿಸಬೇಕು. ನೀವೂ ಎಣಿಸಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎಷ್ಟು ಸಲ ಬರಬೇಕು?

ಸಾಮಾನ್ಯವಾಗಿ ವಾರಕ್ಕೆ ಒಂದೆರಡು ಸಲದಂತೆ ಆರರಿಂದ ಹನ್ನೆರಡು ಸಲ. ಆದರೆ ಮೊದಲ ದಿನವೇ ಎಲ್ಲದರ ದುಡ್ಡು ಕಟ್ಟಬೇಡಿ. ಐದಾರು ಸಲ ಆದ ಮೇಲೆ ಕೂತು ಲೆಕ್ಕ ಹಾಕಿ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ಶುರುವಿನಲ್ಲೇ ಕ್ಯಾಲೆಂಡರ್ ಮೇಲೆ ಬರೆದಿಡಿ. ಕೈ ಊರದೆ ಕುರ್ಚಿಯಿಂದ ಅರ್ಧ ನಿಮಿಷದಲ್ಲಿ ಎಷ್ಟು ಸಲ ಏಳಲು ಆಗುತ್ತದೆ ಅನ್ನುವುದನ್ನೂ ಬರೆಯಿರಿ. ಆರನೇ ಸಲ ಆದಮೇಲೂ ಎರಡೂ ಇದ್ದಲ್ಲೇ ಇದ್ದರೆ ನಿಲ್ಲಿಸುವುದು ಒಳ್ಳೆಯದು. "ಇನ್ನೂ ಹತ್ತು ಹಾಕಿಸಿ ನೋಡಿ" ಅಂದರೆ ಯಾಕೆ ಅಂತ ಕೇಳಿ.

ಗುಣ ಕಂಡವರಿಗೆ ಆಮೇಲೆ ತಿಂಗಳಿಗೊಮ್ಮೆ, ಅಥವಾ ನೋವು ಮರಳಿದಾಗ ಒಂದೆರಡು ಸಲ ಸಾಕು.

ದೇವಿಮನೆ ಘಟ್ಟ ಇಳಿದು ಬಸ್ಸಲ್ಲಿ ಬಂದು ಹೋಗುವುದರಲ್ಲೇ ಮಂಡಿ ನೋವು ಜಾಸ್ತಿ ಆಗುತ್ತಲ್ಲ?

ಆಗುತ್ತದೆ. ಅದಕ್ಕೇ ದೂರದವರಿಗೆ ನಾನು ಸೂಜಿಗಾಗಿ ಬನ್ನಿ ಅಂತ ಒತ್ತಾಯ ಮಾಡುವುದಿಲ್ಲ. ಹತ್ತಿರದಲ್ಲೇ ಒಳ್ಳೆಯ ಫಿಸಿಯೋಥೆರಪಿ ಇದ್ದರೆ ಅದೇ ಮೇಲು. ವಾರಕ್ಕೆರಡು ದಿನ ಬಸ್ಸಿನ ಎತ್ತರದ ಮೆಟ್ಟಿಲು ಹತ್ತಿ ಇಳಿದು, ಎರಡು ತಾಸು ಕಾಲು ಮಡಚಿ ಕೂತು ಬರುವ ಅಜ್ಜಿಗೆ ಸೂಜಿಯಿಂದ ಸಿಕ್ಕ ಆರಾಮ ಮನೆ ಮುಟ್ಟುವಷ್ಟರಲ್ಲಿ ಹೋಗಿರುತ್ತದೆ.

ಯಾರು ಎಚ್ಚರಿಕೆ ವಹಿಸಬೇಕು?

ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ವಾರ್ಫರಿನ್, ಅಪಿಕ್ಸಾಬಾನ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್ ಎಲ್ಲ ಇದರಲ್ಲಿ ಸೇರಿತು. ಸೂಜಿ ಹಾಕಬಾರದು ಅಂತಲ್ಲ, ಆದರೆ ನೋಡಿಕೊಂಡು ಹಾಕಬೇಕು, ತೆಗೆದ ಮೇಲೆ ಹೆಚ್ಚು ಹೊತ್ತು ಒತ್ತಿ ಹಿಡಿಯಬೇಕು. ಸೂಜಿಗಾಗಿ ಆ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಿಬಿಡಬೇಡಿ.

ಸಕ್ಕರೆ ಕಾಯಿಲೆಯವರಿಗೆ ಪಾದ ಜೋಮು ಹಿಡಿದಿದ್ದರೆ ಅಲ್ಲಿ ಚುಚ್ಚುವುದು ಬೇಡ. ಗಾಯ ಆದರೂ ಗೊತ್ತಾಗುವುದಿಲ್ಲ, ಬೇಗ ಮಾಯುವುದೂ ಇಲ್ಲ. ಆನೆಕಾಲು ಅಥವಾ ಬೇರೆ ಕಾರಣಕ್ಕೆ ಬಾತ ಕಾಲಿಗೂ ಬೇಡ. ಪೇಸ್‌ಮೇಕರ್ ಇದ್ದರೆ ಸೂಜಿಗೆ ಕರೆಂಟ್ ಜೋಡಿಸುವ ಬಗೆ ಬೇಡವೇ ಬೇಡ. ಕೃತಕ ಮಂಡಿ ಹಾಕಿಸಿಕೊಂಡಿದ್ದರೆ ಆ ಮಂಡಿಗೆ ಸೂಜಿ ಹಾಕಿಸಬಾರದು. ಅಲ್ಲಿ ಸೋಂಕು ಹತ್ತಿದರೆ ದೊಡ್ಡ ಕಷ್ಟ. ಮರೆವಿನ ಕಾಯಿಲೆ ಇರುವ ಹಿರಿಯರು ಸೂಜಿ ಇರುವಾಗಲೇ ಎದ್ದುಬಿಡಬಹುದು, ಮನೆಯವರು ಪಕ್ಕದಲ್ಲೇ ಇರಬೇಕು.

ಅಡ್ಡ ಪರಿಣಾಮ ಏನಾದ್ರೂ?

ಒಂದು ಹನಿ ರಕ್ತ, ನೀಲಿ ಕಲೆ, ಆ ದಿನ ಸ್ವಲ್ಪ ನೋವು ಜಾಸ್ತಿ, ತಲೆ ಸುತ್ತು. ವಯಸ್ಸಾದವರ ಚರ್ಮ ತೆಳು, ಹಾಗಾಗಿ ನೀಲಿ ಕಲೆ ಬೇಗ ಮೂಡುತ್ತದೆ, ವಾರದಲ್ಲಿ ಹೋಗುತ್ತದೆ. ತಲೆ ಸುತ್ತು ಬರುವುದು ಹೆಚ್ಚಾಗಿ ಹೊಟ್ಟೆ ಖಾಲಿ ಇದ್ದವರಿಗೆ. ದೊಡ್ಡ ಅಪಾಯ ಅಪರೂಪ, ಆದರೆ ಕೊಳಕು ಸೂಜಿಯಿಂದ ಸೋಂಕು, ಹೆಪಟೈಟಿಸ್ ಬಿ ಬರಬಹುದು. ಪ್ರತಿ ಸಲ ಹೊಸ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು, ಬಳಸಿದ ಸೂಜಿ ಚುಚ್ಚಿ ಹೊರಬರದ ಬಿಳಿ ಡಬ್ಬಿಗೆ ಹೋಗಬೇಕು. "ನಿಮ್ಮದೇ ಸೂಜಿ, ಬಾಟಲಿಯಲ್ಲಿ ಹಾಕಿ ಇಟ್ಟಿದ್ದೇವೆ" ಅನ್ನುವ ಪದ್ಧತಿ ಬೇಡ.

ಸೂಜಿ ಶುರು ಮಾಡಿದ ಮೇಲೆ ಬಿಪಿ, ಶುಗರ್ ಮಾತ್ರೆ ಬಿಡಬಹುದಾ?

ಬಿಡಬಾರದು. ಯಾವ ಕಾರಣಕ್ಕೂ.

ನೋವಿನ ಮಾತ್ರೆ ಮಾತ್ರ, ನೋವು ಇಳಿದಂತೆ ನಿಮ್ಮ ಡಾಕ್ಟರನ್ನು ಕೇಳಿ ಕಮ್ಮಿ ಮಾಡಬಹುದು. ಅದು ಕಮ್ಮಿಯಾದರೆ ನನಗೂ ಸಂತೋಷ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಎಟೊರಿಕಾಕ್ಸಿಬ್‌ನಂಥವನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವವರು ನಮ್ಮಲ್ಲಿ ಬಹಳ. ವಯಸ್ಸಾದವರಲ್ಲಿ ಇವು ಬಿಪಿ ಏರಿಸುತ್ತವೆ, ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಮಂಡಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಅಷ್ಟು ತೊಂದರೆ ಕೊಡುವುದಿಲ್ಲ, ಕೆಲಸವೂ ಮಾಡುತ್ತದೆ. ಮೊದಲು ಅದನ್ನು ಕೇಳಿ.

ನಮ್ಮ ಅಮ್ಮನದ್ದು ಸವೆತದ ನೋವೇ ಅಂತ ಹೇಗೆ ಗೊತ್ತಾಗುತ್ತೆ?

ಸವೆತದ ನೋವು ನಿಧಾನಕ್ಕೆ, ವರ್ಷಗಳಲ್ಲಿ ಬಂದಿರುತ್ತದೆ. ನಡೆದರೆ, ಮೆಟ್ಟಿಲಿಳಿದರೆ ಜಾಸ್ತಿ, ಕೂತರೆ ಕಮ್ಮಿ. ಬೆಳಿಗ್ಗೆ ಎದ್ದಾಗ ಬಿಗಿ ಇರುತ್ತದೆ, ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಮಡಚಿದಾಗ ಕಟಕಟ ಸದ್ದು ಬರುತ್ತದೆ.

ಹೀಗಿಲ್ಲದಿದ್ದರೆ ಸೂಜಿಗೆ ಬರುವ ಮೊದಲು ಡಾಕ್ಟರ್ ಹತ್ತಿರ ಹೋಗಿ. ಮಂಡಿ ಒಮ್ಮೆಲೇ ಕೆಂಪಾಗಿ ಬಿಸಿಯಾಗಿ ಬಾತು ಜ್ವರ ಬಂದರೆ ಅದೇ ದಿನ ಆಸ್ಪತ್ರೆ. ಬಿದ್ದ ಮೇಲೆ ಕಾಲು ಊರಲು ಆಗದಿದ್ದರೂ ಅಷ್ಟೆ. ಮೀನಖಂಡ ಒಂದೇ ಕಾಲಿನಲ್ಲಿ ಬಾತು ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಕೈಬೆರಳ ಗಂಟುಗಳೂ ಬಾತು, ಬೆಳಗಿನ ಬಿಗಿ ಗಂಟೆಗಿಂತ ಹೆಚ್ಚು ಉಳಿದರೆ ಅದು ಬೇರೆ ತರದ ಸಂಧಿವಾತ, ಅದಕ್ಕೆ ಬೇರೆಯೇ ಮಾತ್ರೆ ಬೇಕು. ಚಿಕೂನ್‌ಗುನ್ಯಾ ಬಂದು ಹೋದ ಮೇಲೆ ಉಳಿಯುವ ಗಂಟು ನೋವೂ ಸವೆತ ಅಲ್ಲ.

ಎಕ್ಸ್‌ರೇಯಲ್ಲಿ ಗ್ರೇಡ್ 4 ಅಂದಿದ್ದಾರೆ. ಸೂಜಿ ಸಾಕಾ?

ಗ್ರೇಡ್ 4 ಅಂದರೆ ಸವೆತದ ಕೊನೆಯ ಹಂತ. ಆದರೆ ಎಕ್ಸ್‌ರೇಗೂ ನೋವಿಗೂ ಯಾವಾಗಲೂ ತಾಳೆಯಾಗುವುದಿಲ್ಲ. ಗ್ಯಾಪ್ ಹೋದವರು ಗದ್ದೆಗೆ ಹೋಗಿ ಬರುತ್ತಾರೆ, ಸ್ವಲ್ಪ ಸವೆದವರು ಮಲಗಿರುತ್ತಾರೆ. ಆದರೂ ಕಾಲು ಬಿಲ್ಲಿನಂತೆ ಬಾಗಿದ್ದರೆ, ರಾತ್ರಿ ನೋವಿಗೆ ನಿದ್ದೆ ಇಲ್ಲದಿದ್ದರೆ, ವ್ಯಾಯಾಮ ತಿಂಗಳುಗಟ್ಟಲೆ ಸರಿಯಾಗಿ ಮಾಡಿಯೂ ಮನೆಯೊಳಗೆ ಓಡಾಡಲು ಆಗದಿದ್ದರೆ ಮೂಳೆ ತಜ್ಞರ ಹತ್ತಿರ ಮಂಡಿ ಬದಲಿಸುವ ಮಾತು ಆಡುವುದು ಸರಿ. ಸೂಜಿಯ ಹೆಸರಿನಲ್ಲಿ ವರ್ಷಗಟ್ಟಲೆ ಮುಂದೆ ಹಾಕಬೇಡಿ. ತೊಡೆ ಪೂರ್ತಿ ಸೊರಗಿದ ಮೇಲೆ ಆಪರೇಷನ್ ಮಾಡಿಸಿದರೆ ಚೇತರಿಕೆಯೂ ನಿಧಾನ. ಇಲ್ಲಿನವರು ಹುಬ್ಬಳ್ಳಿಗೋ ಗೋವಾಕ್ಕೋ ಮಣಿಪಾಲಕ್ಕೋ ಹೋಗುವುದು ರೂಢಿ. ಹೋಗುವ ಮೊದಲೇ ತೊಡೆಯ ವ್ಯಾಯಾಮ ಶುರು ಮಾಡಿ, ಆಪರೇಷನ್ ಆದ ಮೇಲೆ ಅದು ಕೈ ಹಿಡಿಯುತ್ತದೆ.

ಯಾವ ವ್ಯಾಯಾಮ ಮಾಡಬೇಕು?

ಈ ಉತ್ತರ ಓದದೆ ಮುಂದೆ ಹೋಗಬೇಡಿ.

ಮೊದಲನೆಯದು, ಮಂಚದ ಮೇಲೆ ಕಾಲು ಚಾಚಿ ಕೂತು ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಡಿ. ಮಂಡಿಯಿಂದ ಟವೆಲನ್ನು ಕೆಳಗೆ ಒತ್ತಿ. ತೊಡೆ ಗಟ್ಟಿಯಾಗುವುದು ಕೈಗೆ ಗೊತ್ತಾಗಬೇಕು. ಐದು ಎಣಿಸಿ ಬಿಡಿ. ಹತ್ತು ಸಲ. ಇದನ್ನು ತೊಂಬತ್ತರ ಅಜ್ಜನೂ ಮಾಡಬಹುದು.

ಎರಡನೆಯದು, ಮಲಗಿ ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಒಂದಡಿ ಎತ್ತಿ. ಐದು ಎಣಿಸಿ ನಿಧಾನ ಇಳಿಸಿ. ಹತ್ತು ಸಲ, ಎರಡೂ ಕಾಲಿಗೆ. ಸೊಂಟ ನೋವಿದ್ದರೆ ಕೇಳಿ ಮಾಡಿ.

ಮೂರನೆಯದೇ ಎಲ್ಲಕ್ಕಿಂತ ಒಳ್ಳೆಯದು. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಿಂದ ಎದ್ದು ನಿಂತು, ನಿಧಾನಕ್ಕೆ ಕೂರುವುದು. ಮೊದಲು ಕೈ ಊರಿ, ಕುರ್ಚಿಗೆ ದಿಂಬು ಹಾಕಿ ಎತ್ತರ ಮಾಡಿ. ವಾರ ಕಳೆದಂತೆ ದಿಂಬು ತೆಗೆಯಿರಿ, ಆಮೇಲೆ ಕೈ ಬಿಡಿ. ಧಪ್ ಅಂತ ಕೂತರೆ ಲೆಕ್ಕಕ್ಕಿಲ್ಲ. ಇಳಿಯುವಾಗಿನ ನಿಧಾನದಲ್ಲೇ ತೊಡೆಗೆ ಬಲ ಬರುವುದು.

ಮಾಡುವಾಗ ಸ್ವಲ್ಪ ನೋವಾಗುತ್ತದೆ, ಹೆದರಬೇಡಿ. ಮರುದಿನ ಬೆಳಿಗ್ಗೆಯೂ ನೋವು ಏರಿದ್ದರೆ ಎಣಿಕೆ ಅರ್ಧ ಮಾಡಿ. ನಿಲ್ಲಿಸಿಬಿಡಬೇಡಿ. ಎಂಟರಿಂದ ಹನ್ನೆರಡು ವಾರ ಹಿಡಿದರೆ ಫಲ ಕಾಣುತ್ತದೆ. ಸೂಜಿ ಹಾಕಿಸಿದ ದಿನ ಸಂಜೆ, ನೋವು ಇಳಿದಿರುವಾಗ, ಇದನ್ನು ಮಾಡಲು ಒಳ್ಳೆಯ ಹೊತ್ತು.

ನಡೆಯಲು ಕೋಲು ಬೇಕಾದರೆ ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಿರಿ. ಬಲ ಮಂಡಿಗೆ ಎಡಗೈ. ಬಹಳ ಜನ ಉಲ್ಟಾ ಹಿಡಿಯುತ್ತಾರೆ.

ತೂಕದ ಬಗ್ಗೆಯೂ ಒಂದು ಲೆಕ್ಕ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಮ್ಮಿ.

ಅಡಿಕೆ ಸುಲಿಯುವುದು, ಬೆಳಚು (ಚಿಪ್ಪುಮೀನು) ತೆಗೆಯುವುದು ಬಿಡಬೇಕಾ?

ಬಿಡಿ ಅಂತ ಸುಲಭಕ್ಕೆ ಹೇಳಿಬಿಡಬಹುದು. ಮನೆ ನಡೆಯುವುದೇ ಅದರಿಂದ ಅಂದಾಗ ಆ ಸಲಹೆಗೆ ಬೆಲೆ ಇಲ್ಲ. ಬಿಡುವುದಕ್ಕಿಂತ ಕೂರುವ ಭಂಗಿ ಬದಲಿಸುವುದು ಮೇಲು.

ಶಿರಸಿ ಕಡೆಯ ಒಬ್ಬ ಅಜ್ಜಿ ಬಂದಿದ್ದರು. "ಕುಂತ್ರೆ ಏಳಲೆ ಆಗ್ತಿಲ್ಲೆ" ಅಂದರು. ಸುಲಿ ಶುರುವಾದರೆ ಮೆಟ್ಟುಗತ್ತಿಯ ಮುಂದೆ ಕಾಲು ಮಡಚಿ ರಾತ್ರಿ ಹತ್ತರವರೆಗೂ ಕೂರುವವರು. ಹೇಗೆ ಕೂರುತ್ತೀರಿ ತೋರಿಸಿ ಅಂದೆ. ನೆಲದ ಮೇಲೆ ಕೂತರು. ಬಲ ಮಂಡಿ ಪೂರ್ತಿ ಮಡಚಿ, ಅದರ ಮೇಲೇ ಮೈಭಾರ ಹಾಕಿ, ಎಡಗಾಲಿನಿಂದ ಕತ್ತಿಯ ಮಣೆ ಒತ್ತಿ ಹಿಡಿಯುವ ಭಂಗಿ. ನೋಯುತ್ತಿದ್ದದ್ದೂ ಬಲಗಾಲೇ. ಅವರ ಮಗ ಮನೆಗೆ ಹೋಗಿ ಕತ್ತಿಯನ್ನು ಗಟ್ಟಿ ಬೆಂಚಿಗೆ ಬಿಗಿದು, ಮುಂದೆ ಕುರ್ಚಿ ಹಾಕಿಕೊಟ್ಟರು. ಅಜ್ಜಿಗೆ ಮೊದಲ ವಾರ ಕೈ ಓಡಲಿಲ್ಲವಂತೆ, ಆಮೇಲೆ ರೂಢಿಯಾಯಿತು. ಸೂಜಿಯಿಂದ ಸಿಕ್ಕಿದ ಗುಣ ಅವರಿಗೆ ಉಳಿದದ್ದು ಆ ಬೆಂಚಿನಿಂದಲೇ ಅಂತ ನನಗೆ ಅನ್ನಿಸುತ್ತದೆ.

ಅಘನಾಶಿನಿ ಅಳಿವೆಯಲ್ಲಿ ಬೆಳಚು ತೆಗೆಯುವವರಿಗೆ ಕುರ್ಚಿ ಹಾಕಿಕೊಡಲು ಆಗುವುದಿಲ್ಲ. ಅವರಿಗೆ ಹೇಳುವುದು, ಕುಕ್ಕರುಗಾಲಲ್ಲಿ ಒಂದೇ ಸಮ ಕೂರಬೇಡಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ತುಂಬಿದ ಬುಟ್ಟಿ ಒಂದೇ ಸಲ ಹೊರುವ ಬದಲು ಎರಡು ಸಲ ಮಾಡಿ. ಅಂಕೋಲಾ, ಕಾರವಾರದ ಪೇಟೆಯಲ್ಲಿ ನೆಲದ ಮೇಲೆ ಕೂತು ಮೀನು, ತರಕಾರಿ ಮಾರುವ ಅಮ್ಮಂದಿರಿಗೆ ಒಂದು ಎತ್ತರದ ಮಣೆ ಅಥವಾ ಸಣ್ಣ ಸ್ಟೂಲ್ ಕೂಡ ದೊಡ್ಡ ಉಪಕಾರ.

ಮನೆಯಲ್ಲಿ ಇಂಡಿಯನ್ ಕಕ್ಕಸ್ಸಿಗೆ ಮೇಲೆ ಇಡುವ ಕಮೋಡ್ ಕುರ್ಚಿ ಸಿಗುತ್ತದೆ. ಗೋಡೆಗೆ ಒಂದು ಹಿಡಿಕೆ ಹಾಕಿಸಿ. ಸೂಜಿಗೆ ಖರ್ಚು ಮಾಡುವ ಮೊದಲು ಇದಕ್ಕೆ ಮಾಡಿ.

ಯಾರ ಹತ್ತಿರ ಹಾಕಿಸಬೇಕು? ವಾರದ ಕೋರ್ಸ್ ಮಾಡಿದವರೂ ಬೋರ್ಡ್ ಹಾಕಿದ್ದಾರಲ್ಲ.

ನಿಜ, ಹಾಗಾಗಿ ಕೇಳಿಯೇ ಹೋಗಬೇಕು. ಕೇಂದ್ರ ಆರೋಗ್ಯ ಸಚಿವಾಲಯ 2003ರಲ್ಲಿ, ನೋಂದಾಯಿತ ವೈದ್ಯರು ಅಥವಾ ಸರಿಯಾದ ತರಬೇತಿ ಪಡೆದವರು ಅಕ್ಯುಪಂಕ್ಚರ್ ಮಾಡಬಹುದು ಅಂದಿತು. 2019ರ ಫೆಬ್ರವರಿಯಲ್ಲಿ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಅಂತ ಗುರುತಿಸಿತು. ಆದರೆ ಬೋರ್ಡ್ ಹಾಕಿದವರೆಲ್ಲ ಒಂದೇ ಮಟ್ಟದವರಲ್ಲ. ಬಿಎನ್‌ವೈಎಸ್ ಅಂದರೆ ಐದೂವರೆ ವರ್ಷದ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ, ಅದರಲ್ಲಿ ಅಕ್ಯುಪಂಕ್ಚರ್ ಪಾಠ ಇರುತ್ತದೆ. ನಮಗೆ ಹತ್ತಿರದ ಉಜಿರೆಯಲ್ಲೇ ಅದರ ಕಾಲೇಜಿದೆ. ಎಂಬಿಬಿಎಸ್ ಆಗಿ ಮುಂದೆ ಇದನ್ನು ಕಲಿತವರೂ ಇದ್ದಾರೆ. ಓದಿದ್ದು ಏನು, ಎಲ್ಲಿ, ನೋಂದಣಿ ಸಂಖ್ಯೆ ಯಾವುದು ಅಂತ ಕೇಳಿ. ಕ್ಲಿನಿಕ್ಕಿನ ಗೋಡೆಯ ಮೇಲೆ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಇದೆಯಾ ನೋಡಿ.

ಊರಲ್ಲಿ ಉಚಿತ ಶಿಬಿರ ಇದೆ. ಹೋಗಬಹುದಾ?

ಹೊಸ ಸೂಜಿ, ಮಲಗಲು ಜಾಗ, ನಿಮ್ಮ ಕಾಯಿಲೆ ಮಾತ್ರೆಗಳ ವಿಚಾರ ಕೇಳುವವರು, ಈ ಮೂರೂ ಇದ್ದರೆ ಹೋಗಿ. ಕುರ್ಚಿಯ ಸಾಲಿನಲ್ಲಿ ಕೂರಿಸಿ ಪಟಪಟ ಚುಚ್ಚಿ ಹೋಗುವ ಕಡೆ ಬೇಡ. ಕೂತಲ್ಲೇ ತಲೆ ಸುತ್ತಿ ಬಿದ್ದರೆ ಸೊಂಟ ಮುರಿಯುವ ವಯಸ್ಸು ಇದು.

ಚೀನಾದ ಪದ್ಧತಿ ನಮಗ್ಯಾಕೆ?

ನಮ್ಮಲ್ಲಿಗೆ ಇದು ಬಂದ ಕಥೆ ಚೆನ್ನಾಗಿದೆ. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಭಾರತದಿಂದ ಐವರು ವೈದ್ಯರ ತಂಡ ಹೋಗಿತ್ತು. ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸರ ಹೆಸರು ಎಲ್ಲರಿಗೂ ಗೊತ್ತು, ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಕೋಲ್ಕತ್ತಾದ ಡಾ. ಬಿ.ಕೆ. ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು, 1959ರಲ್ಲಿ ಭಾರತಕ್ಕೆ ತಂದರು. ಮಂಡಿ ನೋಯುವವರಿಗೆ ಗುಣವಾದರೆ ಸಾಕು, ಎಲ್ಲಿಂದ ಬಂದರೇನು ಅಲ್ವಾ?

ಕರೆಂಟ್ ಸೂಜಿ, ಮಾಕ್ಸಾ, ಅಕ್ಯುಪ್ರೆಶರ್, ಇವೆಲ್ಲ ಒಂದೇನಾ?

ಒಂದೇ ಅಲ್ಲ. ಸೂಜಿಗೆ ತಂತಿ ಜೋಡಿಸಿ ಸಣ್ಣಗೆ ಕರೆಂಟ್ ಹರಿಸುವುದು ಎಲೆಕ್ಟ್ರೋ ಅಕ್ಯುಪಂಕ್ಚರ್. ಕೆಲವು ಅಧ್ಯಯನಗಳಲ್ಲಿ ಇದರ ಫಲ ಬರೀ ಸೂಜಿಗಿಂತ ಸ್ವಲ್ಪ ಚೆನ್ನಾಗಿ ಕಂಡಿದೆ. ಮಾಕ್ಸಾ ಅಂದರೆ ಒಣ ಸೊಪ್ಪಿನ ಬತ್ತಿ ಹೊತ್ತಿಸಿ ಚರ್ಮದ ಹತ್ತಿರ ಶಾಖ ಕೊಡುವುದು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾಗಿದ್ದರೆ ಸುಟ್ಟದ್ದೇ ಗೊತ್ತಾಗುವುದಿಲ್ಲ, ಅಂಥವರಿಗೆ ಬೇಡ. ಅಕ್ಯುಪ್ರೆಶರ್‌ನಲ್ಲಿ ಸೂಜಿಯೇ ಇಲ್ಲ, ಬೆರಳಿನಿಂದ ಒತ್ತುವುದು. ಮನೆಯಲ್ಲೇ ಮಾಡಿಕೊಳ್ಳಬಹುದು, ತೊಂದರೆಯಿಲ್ಲ. ಸೂಜಿಯನ್ನು ಮಾತ್ರ ಆನ್‌ಲೈನ್‌ನಲ್ಲಿ ತರಿಸಿ ಮನೆಯಲ್ಲಿ ಚುಚ್ಚಿಕೊಳ್ಳಬೇಡಿ.

ಲಕ್ಕಿ ಸೊಪ್ಪಿನ ಶಾಖ, ಎಣ್ಣೆ ಹಚ್ಚುವುದು, ನಾಟಿ ಪುಡಿ?

ಶಾಖ, ಎಣ್ಣೆ ಧಾರಾಳ ಮಾಡಿ, ಹಿತ ಅನ್ನಿಸುತ್ತದೆ. ಸೂಜಿ ಹಾಕಿಸಿದ ದಿನ ಮಾತ್ರ ಚುಚ್ಚಿದ ಜಾಗಕ್ಕೆ ಎಣ್ಣೆ ತಿಕ್ಕುವುದು ಬೇಡ.

ಪುಡಿಯ ವಿಷಯ ಬೇರೆ. ಹೆಸರಿಲ್ಲದ, ಲೇಬಲ್ ಇಲ್ಲದ ಪೊಟ್ಟಣ ತಿಂದು ಎರಡೇ ದಿನಕ್ಕೆ ನೋವು ಮಾಯವಾಯಿತು ಅಂದರೆ ಅದರಲ್ಲಿ ಸ್ಟೆರಾಯ್ಡ್ ಬೆರೆಸಿರುವ ಸಾಧ್ಯತೆ ಇದೆ. ಮುಖ ಊದುತ್ತದೆ, ಶುಗರ್ ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ಬಿಡುವುದೂ ಅಪಾಯ. ಆ ಪೊಟ್ಟಣ ಹಿಡಿದುಕೊಂಡೇ ಡಾಕ್ಟರ್ ಹತ್ತಿರ ಹೋಗಿ.

ಮಳೆಗಾಲದಲ್ಲಿ ನೋವು ಯಾಕೆ ಜಾಸ್ತಿ? ಆಗ ಸೂಜಿ ಹಾಕಿಸಬಹುದಾ?

ಹಾಕಿಸಬಹುದು. ಜೂನ್‌ನಿಂದ ಇಲ್ಲಿ ಸುರಿಯುವ ಮಳೆಗೆ ಹಿರಿಯರು ಅಂಗಳಕ್ಕೂ ಇಳಿಯುವುದಿಲ್ಲ. ಓಡಾಟ ನಿಂತರೆ ಮಂಡಿ ಬಿಗಿಯುತ್ತದೆ, ಮಳೆಗಾಲದ ನೋವಿಗೆ ಇದೂ ಒಂದು ದೊಡ್ಡ ಕಾರಣ ಅಂತ ನನ್ನ ಅಂದಾಜು. ಜಗುಲಿಯಲ್ಲೇ ಆ ತುದಿಯಿಂದ ಈ ತುದಿಗೆ ನಡೆಯಿರಿ. ಪಾಚಿ ಕಟ್ಟಿದ ಅಂಗಳದಲ್ಲಿ ಮಾತ್ರ ಬೇಡ.

ಮೊದಲ ದಿನ ಬರುವಾಗ ಏನು ತರಬೇಕು?

ತಿನ್ನುತ್ತಿರುವ ಎಲ್ಲ ಮಾತ್ರೆಗಳು, ಚೀಟಿ ಮಾತ್ರ ಅಲ್ಲ, ಮಾತ್ರೆಯ ಸ್ಟ್ರಿಪ್ಪುಗಳನ್ನೇ ಚೀಲದಲ್ಲಿ ಹಾಕಿ ತನ್ನಿ. ಹಳೆಯ ಎಕ್ಸ್‌ರೇ ಇದ್ದರೆ ಸರಿ, ಹೊಸದು ತೆಗೆಸುವುದು ಬೇಡ. ಮಂಡಿಯ ಮೇಲೆ ಸುಲಭವಾಗಿ ಸರಿಸಲು ಬರುವ ಬಟ್ಟೆ ಇರಲಿ, ಸಡಿಲ ಸೀರೆ, ಲುಂಗಿ ಏನಾದರೂ ಆದೀತು. ಬರುವ ಒಂದೆರಡು ತಾಸು ಮುಂಚೆ ದೋಸೆಯೋ ಗಂಜಿಯೋ ತಿಂದು ಬನ್ನಿ. ಏಕಾದಶಿ, ಸಂಕಷ್ಟಿ ಉಪವಾಸ ಇದ್ದರೆ ಬೇರೆ ದಿನ ಇಟ್ಟುಕೊಳ್ಳೋಣ. ಮೊದಲ ಸಲ ಜೊತೆಗೆ ಒಬ್ಬರಿರಲಿ. ಮುಗಿದ ಮೇಲೆ ಐದು ನಿಮಿಷ ಮಂಚದ ಅಂಚಿನಲ್ಲಿ ಕೂತು, ಆಮೇಲೆ ಏಳಿ. ಸ್ನಾನ ಅವತ್ತೇ ಮಾಡಬಹುದು, ಎರಡು ತಾಸು ಬಿಟ್ಟು.